ಝೇವಿಯರ್ ಸರ್ ಉಂಟಲ್ಲ

ನನ್ನ ಅಕ್ಷರ ದುಂಡಗಿಲ್ಲ, ಗೊತ್ತಿರುವ ಪದಗಳೂ ಕಡಿಮೆ. ಪಿಯುಸಿ ಅರ್ಧಕ್ಕೆ ಬಿಟ್ಟವಳು ನಾನು. ಮ್ಯೂಸಿಯಂನ ಸ್ಮರಣ ಸಂಚಿಕೆಯನ್ನು ಅಚ್ಚು ಮಾಡುವವರು ಕ್ಷಮಿಸಬೇಕು, ತಪ್ಪಿದ್ದಲ್ಲಿ ತಿದ್ದಬೇಕು. "ಉಂಟು" ಎಂಬ ಪದವನ್ನು ಮಾತ್ರ ತಿದ್ದಬೇಡಿ.

ಜೆಪ್ಪುವಿನ ನಮ್ಮ ಕಲಾ ಮ್ಯೂಸಿಯಂನ ನಿರ್ದೇಶಕರು ಝೇವಿಯರ್ ಸರ್. ನಾನು ಸಫಾ, ಅಲ್ಲಿ ಟಿಕೆಟ್ ಹರಿದು ಕೊಡುತ್ತೇನೆ. ಸರ್ ಹರೆಯದಲ್ಲಿ ಹಂಪನಕಟ್ಟೆಯ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದರು, ಬಿಡುವಿನಲ್ಲಿ ಚಿತ್ರ ಬಿಡಿಸುತ್ತಿದ್ದರು. ಊರಿನ ಹಳೆಯ ಚಿತ್ರಗಳಿಗೆ ಗೆದ್ದಲು ಹಿಡಿಯುವುದನ್ನು ನೋಡಲಾಗದೆ, ಮನೆಮನೆಗೆ ಹೋಗಿ ಕೇಳಿ ತಂದು ಈ ಮ್ಯೂಸಿಯಂ ಕಟ್ಟಿದರು. ಡ್ರಾಯಿಂಗ್ ಪೀರಿಯಡನ್ನು ಗಣಿತಕ್ಕೆ ಕೊಡಬೇಡಿ ಎಂದು ಶಾಲೆ ಶಾಲೆಗೆ ಹೋಗಿ ಹೆಡ್‌ಮಾಸ್ಟರರ ಬಳಿ ವಾದ ಮಾಡಿದರು. ಈ ಓಡಾಟದಲ್ಲಿ ಅವರ ಸ್ವಂತ ಕುಂಚ ಒಣಗಿತು. ಆಫೀಸಿನ ಗೋಡೆಗೆ ಒರಗಿಸಿಟ್ಟ ಅವರ ಕ್ಯಾನ್ವಾಸ್ ಇನ್ನೂ ಬಿಳಿಯಾಗಿಯೇ ಇದೆ.

ಕಳೆದ ವರ್ಷ ಕಂಕನಾಡಿಯ ಕಣ್ಣಿನ ಡಾಕ್ಟರು, ದೃಷ್ಟಿ ಮೆಲ್ಲಮೆಲ್ಲನೆ ಹೋಗುತ್ತದೆ ಎಂದರು. ಕಾಣುವಷ್ಟು ದಿನ ಚಿತ್ರ ಬಿಡಿಸಬೇಕೆಂದು ಸರ್ ಟ್ರಸ್ಟಿನ ಮೀಟಿಂಗಿನಲ್ಲಿ ಹುದ್ದೆ ಬಿಡುವ ಮಾತೆತ್ತಿದರು. ನಾನು ಚಾ ಕೊಡುತ್ತಿದ್ದೆ.

"ನೀವು ಬಿಟ್ರೆ ಬಾಗಿಲು ಹಾಕುದೇ ಸರ್," ಎಂದರು ಅಧ್ಯಕ್ಷ ಲತೇಶಣ್ಣ. "ಫರ್ನಿಚರಿನವರು ಗೋಡೌನಿಗೆ ಈ ಕಟ್ಟಡ ಕೇಳ್ತಾ ಇದ್ದಾರೆ."

ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ, "ಆಯ್ತು, ಬಿಡುದಿಲ್ಲ" ಎಂದರು.

"ಮತ್ತೆಂತ ಟೆನ್ಶನ್?" ಲತೇಶಣ್ಣ ಎಲ್ಲರ ಕಡೆ ತಿರುಗಿದರು. "ಝೇವಿಯರ್ ಸರ್ ಉಂಟಲ್ಲ!"

ಎಲ್ಲರೂ ನಕ್ಕರು. ನಮ್ಮ ಕಡೆ ವಸ್ತುವಿಗೆ "ಉಂಟು" ಎನ್ನುತ್ತೇವೆ, ಮನುಷ್ಯರಿಗೆ "ಇದ್ದಾರೆ".

"ಉಂಟು ಅಂತ ಬೆಂಚಿಗೆ ಹೇಳುದು ಮಾರಾಯ," ಎಂದರು ಸರ್.

"ಬೆಂಚಿಗೆ ಯಾರು ಚಾ ಕೊಡ್ತಾರೆ ಸರ್?" ಲತೇಶಣ್ಣ ಕೇಳಿದರು.

ಮತ್ತೆ ನಗು. ಸರ್ ಕೂಡ ನಕ್ಕರು. ಚಾ ಮಾತ್ರ ಕುಡಿಯಲಿಲ್ಲ.

ಅವರು ಬಿಟ್ಟರೆ ಚಿತ್ರಗಳು ಬೀದಿಗೆ ಬೀಳುತ್ತವೆ. ಬಿಡದಿದ್ದರೆ ಉಳಿದ ದೃಷ್ಟಿಯೆಲ್ಲ ಬೀಗ ತೆಗೆಯುವುದರಲ್ಲಿ, ಬಂದವರಿಗೆ ವಿವರಿಸುವುದರಲ್ಲಿ ಮುಗಿಯುತ್ತದೆ. ಇಂದು ಶಾಲೆಯ ಮಕ್ಕಳಿಗೆ ವಿವರಿಸುವಾಗ ಅವರ ಮೂಗು ಚಿತ್ರಕ್ಕೆ ತಾಗುವಂತಿತ್ತು. ಒಬ್ಬಳು ಹುಡುಗಿ ಕಿಸಕ್ಕೆಂದಳು. ಮಕ್ಕಳು ಹೋದ ಮೇಲೆ ಸರ್ ಬಂದು ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತರು.

"ನೋಡು ಸಫಾ," ಎಂದರು, "ಬೆಂಚಿನ ಮೇಲೆ ಬೆಂಚು."

ನನಗೆ ನಗು ಬರಲಿಲ್ಲ. ಜನರೆದುರು ನಿಂತು ಮಾತಾಡಲು ನನಗೆ ಹೆದರಿಕೆ. ಆದರೂ ದಿನಾ ಕೇಳಿ ಕೇಳಿ ಅವರು ಹೇಳುವುದೆಲ್ಲ ನನಗೆ ಬಾಯಿಪಾಠವಾಗಿದೆ.

ನಾಳೆ ಬೆಳಿಗ್ಗೆ ಸರ್ ಬಳಿ ಬೀಗದ ಕೈ ಕೇಳುತ್ತೇನೆ. ಮಕ್ಕಳು ಬಂದಾಗ ಚಿತ್ರಗಳ ವಿಷಯ ನಾನೇ ಹೇಳುತ್ತೇನೆ.