ಅಕ್ಕನ ದವಡೆ ಹಲ್ಲು

ನಲ್ಲೂರಿನ ನಮ್ಮ ತವರಿನಲ್ಲಿ ಅಡಿಕೆ ಒಣಗಿದೆಯೋ ಇಲ್ಲವೋ ಎಂದು ತೀರ್ಮಾನ ಹೇಳುವವಳು ಅಕ್ಕ. ಅಣ್ಣ ಖೇಣಿ ಹಿಡಿಯುತ್ತಾನೆ. ಬೇರೆಯವರ ತೋಟದ ಫಸಲನ್ನು ಗುತ್ತಿಗೆಗೆ ಪಡೆದು, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವುದು ಅವನ ಕಸುಬು. ಕಣದಲ್ಲಿ ಹರಡಿದ ಅಡಿಕೆಯಲ್ಲಿ ಒಂದನ್ನು ಆರಿಸಿ ಅಕ್ಕ ಬಲದವಡೆಗಿಟ್ಟು ಕಚ್ಚುತ್ತಿದ್ದಳು. ಕಟ್ಟೆಂದು ಎರಡಾದರೆ "ತುಂಬ್ರಿ" ಎನ್ನುವಳು. ತುಸು ಮೆತ್ತಗೆನಿಸಿದರೂ "ಇನ್ನೊಂದು ಬಿಸ್ಲು ಬೇಕು" ಎನ್ನುವಳು. ಆಮೇಲೆ ಅಣ್ಣನದೂ ಎದುರು ಮಾತಿಲ್ಲ. ಚೀಲದೊಳಗೆ ಬೂಷ್ಟು ಬಂದರೆ ಮಂಡಿಯಲ್ಲಿ ಹೆಸರು ಕೆಡುತ್ತದೆ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ಬಿಳಿಚೋಡಿಗೆ ಸೊಸೆಯಾಗಿ ಹೋದ ಅಕ್ಕ, ಭಾವ ತೀರಿಕೊಂಡ ಮೇಲೆ ತವರಿಗೇ ಮರಳಿದ್ದಳು. ಮಕ್ಕಳಿಲ್ಲ. ತವರಿಗೆ ಬಂದು ಕೂತವಳು ಎಷ್ಟು ಗೇಯ್ದರೂ ನೆಂಟಳೇ. ಅತ್ತಿಗೆ ಕೆಟ್ಟವಳಲ್ಲ. ಒಳ್ಳೆಯವಳಾಗಿರಲು ಬಹಳ ಕಷ್ಟಪಡುತ್ತಾಳೆ, ಆ ಕಷ್ಟ ಎಲ್ಲರಿಗೂ ಕಾಣುತ್ತದೆ. ವರ್ಷವೆಲ್ಲ ಗೋಡೆ ಪಕ್ಕ ಸರಿದು ಓಡಾಡುವ ಅಕ್ಕ, ಸುಗ್ಗಿಯಲ್ಲಿ "ಅಕ್ಕನ್ನ ಕರೀರಿ" ಎಂಬ ಕೂಗು ಬಂದರೆ ಸೆರಗು ಸಿಕ್ಕಿಸಿಕೊಂಡು ನಡುಮನೆಯಿಂದಲೇ ಹೊರಡುತ್ತಿದ್ದಳು. ಆ ಮನೆಯಲ್ಲಿ ಅವಳಿಗಿದ್ದ ಜಾಗ ಅದೊಂದೇ. ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಎಡಗಡೆಯ ದವಡೆ ಹಲ್ಲುಗಳು ಎಂದೋ ಹೋಗಿದ್ದವು. ಬಲಗಡೆಯದೂ ಹುಳುಕಾಗಿ ಕೆನ್ನೆ ಊದಿದಾಗ, ಹೊನ್ನಾಳಿಯಲ್ಲಿ ಟೀಚರ್ ಕೆಲಸ ಮಾಡಿಕೊಂಡಿರುವ ನನ್ನ ಮನೆಗೆ ಬಂದಳು. "ಕೀಳಿಸ್ಬ್ಯಾಡ ಕಣೆ, ಇದು ಹೋದ್ರೆ ನಂದೇನೈತೆ?" ಎಂದಳು. ಪಕ್ಕದ ನ್ಯಾಮತಿಯಿಂದ ಬಂದು ನಮ್ಮ ಬೀದಿಯಲ್ಲಿ ಕ್ಲಿನಿಕ್ ಇಟ್ಟಿರುವ ಹಲ್ಲಿನ ಡಾಕ್ಟರಮ್ಮ ರೂಟ್ ಕೆನಾಲ್ ಮಾಡಿ ಹಲ್ಲು ಉಳಿಸುತ್ತೇನೆಂದಳು. ಸಣ್ಣ ಸಿರಿಂಜಿನಲ್ಲಿ ಏನೋ ನೀರು ಬಿಟ್ಟು ಬೇರಿನೊಳಗೆಲ್ಲ ತೊಳೆದಳು. ಊರಿನ ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಬರುತ್ತದಲ್ಲ, ಅದೇ ವಾಸನೆ.

"ಹುಳುಕು ಸಾಯಾಕೆ ಈ ನೀರು ಬೇಕೇ ಬೇಕಮ್ಮ," ಎಂದಳು ಡಾಕ್ಟರಮ್ಮ. "ಆದ್ರೆ ಹಲ್ಲಿನ ಒಳಗೂ ನಾರಿನಂಥದ್ದು ಇರ್ತೈತೆ, ಅದನ್ನೂ ಒಂದಿಷ್ಟು ಕರಗಿಸ್ತೈತೆ. ಕೊನೆಗೆ ಬಿಡೋ ಔಷಧಿ ಸುಣ್ಣದಂಶ ತೆಗೀತೈತೆ. ನೋವು ಹೋಗ್ತೈತೆ, ಹಲ್ಲು ಮೊದಲಿನಷ್ಟು ಗಟ್ಟಿ ಇರಲ್ಲ. ಕ್ಯಾಪ್ ಹಾಕೋ ತನಕ ಗಟ್ಟಿದೇನೂ ಕಡೀಬ್ಯಾಡ್ರಿ."

ಅಕ್ಕನ ಕಿವಿಗೆ ಬಿದ್ದದ್ದು ನೋವು ಹೋಗುತ್ತದೆ ಎಂಬುದು ಮಾತ್ರ. ನೋವು ಹೋಯಿತು ಕೂಡ. ಬಿಸಿ ಕುಡಿದಳು, ತಣ್ಣಗೆ ಕುಡಿದಳು, ಕನ್ನಡಿ ಮುಂದೆ ಬಾಯಿ ತೆರೆದು ನಿಂತಳು. ನಾನು ಕ್ಯಾಪಿನ ಮಾತೆತ್ತಿದರೆ, "ಟೋಪಿ ಹಾಕ್ಕೊಂಡ ಹಲ್ಲಿಗೆ ಅಡಿಕೆ ಹಸಿ ತಿಳೀತೈತೇನೆ? ಆ ಹುಡ್ಗಿ ನಂಗೇ ಟೋಪಿ ಹಾಕಾಕೆ ಬರ್ತಾಳೆ" ಎಂದು ನಕ್ಕಳು. ಅಷ್ಟರಲ್ಲಿ ಅಣ್ಣನ ಫೋನು ಬಂತು: "ಅಕ್ಕಾ, ಕಣ ತುಂಬೈತೆ. ನೀ ಬರದೆ ಚೀಲ ಕಟ್ಟಾಕೆ ಧೈರ್ಯ ಬರವಲ್ದು." ಅವಳ ಮುಖ ನೋಡಿದ ಮೇಲೆ ಅವಳನ್ನು ತಡೆಯುವುದು ಯಾರಿಂದಲೂ ಆಗುತ್ತಿರಲಿಲ್ಲ. ಮೊದಲ ಬಸ್ಸಿಗೇ ಹೋದಳು.

ಆ ವಾರವೇ ಬಾಯಿಗೆ ಸೆರಗು ಒತ್ತಿಕೊಂಡು ವಾಪಸಾದಳು. ಎಲ್ಲರೆದುರು ಅಡಿಕೆ ಕಚ್ಚಿದ್ದಾಳೆ, ಕಟ್ಟೆಂದಿದೆ, "ತುಂಬ್ರಿ" ಎಂದೂ ಹೇಳಿದ್ದಾಳೆ. ಬಾಯಿಂದ ತೆಗೆದರೆ ಅಡಿಕೆ ಇಡಿಯಾಗಿತ್ತು. ಸೀಳಿದ್ದು ಹಲ್ಲು.

ಬೇರಿನವರೆಗೂ ಬಿರುಕು ಹೋಗಿತ್ತು, ಕೀಳದೆ ವಿಧಿಯಿರಲಿಲ್ಲ. ನನಗೆ ಸಿಟ್ಟು ಬಂದರೆ ಕಣ್ಣು ಕಾಣುವುದಿಲ್ಲ. "ನಿಮ್ಮ ನೀರೇ ತಾನೆ ಹಲ್ಲನ್ನ ಪುಡಿ ಮಾಡಿದ್ದು?" ಎಂದು ಡಾಕ್ಟರಮ್ಮನ ಮೇಲೆ ಹರಿಹಾಯ್ದೆ. ಅವಳು ಸಿಟ್ಟಾಗಲಿಲ್ಲ. "ನೀರಿನದೂ ಪಾಲೈತೆ. ಹುಳುಕು ತಿಂದಿದ್ದು, ನಾನು ಕೊರೆದಿದ್ದು ಅದಕ್ಕಿಂತ ಹೆಚ್ಚು. ತೊಳೀದಿದ್ರೆ ಕೀವು ನಿಲ್ತಿರಲಿಲ್ಲ" ಎಂದಳು. ಬೈಯಲು ಯಾರೂ ಸಿಗದ ದುಃಖ ಬಲು ಕೆಟ್ಟದ್ದು.

ಅಣ್ಣ ಅಕ್ಕನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನು ಮಾಡಿ ಪ್ರೀತಿಯಿಂದಲೇ ಹೇಳಿದ: "ತಲೆ ಕೆಡಿಸ್ಕಬ್ಯಾಡಕ್ಕ. ತೇವ ನೋಡೋ ಮಿಷಿನ್ ತಂದೀನಿ. ಅಡಿಕೆ ಇಟ್ರೆ ಅದೇ ಹೇಳ್ತೈತೆ. ನೀನು ಆರಾಮಾಗಿರು." ಅಕ್ಕ "ಒಳ್ಳೇದಾತು ಬಿಡಪ್ಪ" ಎಂದು ಫೋನು ನನ್ನ ಕೈಗಿಟ್ಟು ಹಿತ್ತಲಿಗೆ ಹೋದಳು. ಒಗೆದಿದ್ದ ಬಟ್ಟೆಗಳನ್ನೇ ಮತ್ತೆ ಒಗೆದಳು.

ಸುಗ್ಗಿ ಇನ್ನೂ ನಡೆದೇ ಇತ್ತು. ನಲ್ಲೂರಿನಿಂದ ಕರೆ ಬರಲಿಲ್ಲ. ಫೋನು ಸದ್ದು ಮಾಡಿದಾಗಲೆಲ್ಲ ಅಕ್ಕ ಕೈಕೆಲಸ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಳು. ನಾನು ನೋಡಿಯೂ ನೋಡದವಳಂತೆ ಇದ್ದೆ.

ಒಂದು ಭಾನುವಾರ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದೆವು. ಚಿಕ್ಕಂದಿನಲ್ಲಿ ನನ್ನ ತಟ್ಟೆಯ ತುತ್ತನ್ನು ಕೇಳದೆ ಎತ್ತಿಕೊಳ್ಳುತ್ತಿದ್ದವಳು, ನನ್ನ ಮದುವೆಯಲ್ಲಿ ಬೀಗರಿಗೇ ಜೋರು ಮಾಡಿದ್ದವಳು, ತಲೆಯೆತ್ತದೆ ಮೆಲ್ಲಗೆ ಕೇಳಿದಳು:

"ನಿಮ್ಮ ಮನೇರು ಏನೂ ಅನ್ನಂಗಿಲ್ಲ ಅಂದ್ರೆ... ನಾನು ಇಲ್ಲೇ ಇರ್ಲೇನೆ?"