ಸಂಧಿವಿಗ್ರಹಿ ಕಾಕಾನ ಚಹಾ

ಅಮೀನಗಡದಲ್ಲಿ ಬಸ್ಸು ನಿಂತಾಗಲೆಲ್ಲ ಕಿಟಕಿಯಿಂದ ತುಪ್ಪದಲ್ಲಿ ಕರಿದ ಅಂಟು, ಬೆಲ್ಲದ ವಾಸನೆ ಒಳಗೆ ಬರುತ್ತದೆ. ಹಿಂದೆಯೇ ನಮ್ಮ ಕಾಕಾನ ನೆನಪು. ಅವನು ತೀರಿಕೊಂಡು ವರ್ಷಗಳಾದರೂ ಈ ವಾಸನೆಗೆ ಅದಿನ್ನೂ ಗೊತ್ತಾದಂತಿಲ್ಲ. ನಿನ್ನೆ ತಡೆಯಲಾರದೆ ಇಳಿದು ಒಂದು ಡಬ್ಬಿ ಕರದಂಟು ಕೊಂಡೆ.

ಇಳಕಲ್ಲಿನ ನಮ್ಮ ನೇಕಾರರ ಓಣಿಯಲ್ಲಿ ಎರಡು ಮನೆಗಳ ನಡುವೆ ಮಾತು ನಿಂತರೆ ಕಾಕಾನಿಗೆ ಕರೆ ಹೋಗುತ್ತಿತ್ತು. ಅವನಿಗೆ 'ಸಂಧಿವಿಗ್ರಹಿ' ಎಂದು ಹೆಸರಿಟ್ಟವನು ನಾನು. ಆಗ ಬಾಗಲಕೋಟೆಯಲ್ಲಿ ಇತಿಹಾಸ ಓದುತ್ತಿದ್ದೆ. ಓದಿದ್ದನ್ನು ಯಾರ ಮೇಲಾದರೂ ಸುರಿಯದಿದ್ದರೆ ಊಟ ಸೇರುತ್ತಿರಲಿಲ್ಲ. ಹಳೆಯ ಅರಮನೆಗಳಲ್ಲಿ ಸಂಧಿ, ಯುದ್ಧ ಎರಡನ್ನೂ ನೋಡಿಕೊಳ್ಳುವ ಮಂತ್ರಿಯ ಬಿರುದು ಅದು. ಪರರಾಜರಿಗೆ ಓಲೆ ಬರೆಸುವವನು ಅವನೇ, ದಾನಶಾಸನದ ಒಕ್ಕಣೆಯೂ ಎಷ್ಟೋ ಸಲ ಅವನದೇ. ಬಾದಾಮಿಯ ಕಾಲ ಕಳೆದು ಕಲ್ಯಾಣದ ಚಾಲುಕ್ಯರು ಬರುವ ಹೊತ್ತಿಗೆ ಕನ್ನಡ ಸೀಮೆಗೊಬ್ಬ, ದೂರದ ಲಾಳ ದೇಶಕ್ಕೊಬ್ಬ ಎಂದು ಹುದ್ದೆ ಬೆಳೆದಿತ್ತು.

ಕಾಕಾ ಎಲ್ಲ ಕೇಳಿಸಿಕೊಂಡು ಹೇಳಿದ್ದ: "ಜಗಳಾನೂ ಅವಂದ, ರಾಜೀನೂ ಅವಂದ? ಬರೊಬ್ಬರಿ ಐತಿ. ಜಗಳದ ಹೊಟ್ಟ್ಯಾಗ ಏನೈತಿ ಅಂತ ತಿಳೀದ ರಾಜಿ ಹ್ಯಾಂಗ ಮಾಡ್ತಾನ?"

ಅವನದೊಂದು ನೇಮವಿತ್ತು. ರಾಜಿಯಾಗುವ ತನಕ ಎರಡೂ ಮನೆಯಲ್ಲಿ ಗುಟುಕು ನೀರೂ ಮುಟ್ಟುತ್ತಿರಲಿಲ್ಲ. ಹಸಿವಾದರೆ ಜೇಬಿನ ಕರದಂಟು. ಬಿರುಬಿಸಿಲಿನಲ್ಲಿ ಅಂಟು ಜಗಿಯುತ್ತ, ನೀರು ಬೇಡವೆಂದು ಕೂತ ಮುದುಕನನ್ನು ನೋಡಿ ಎಂಥ ಜಗಳಗಂಟರೂ ಮೆತ್ತಗಾಗುತ್ತಿದ್ದರು. ಕೊನೆಗೆ ಅವನು "ಚಹಾ ಮಾಡವ್ವಾ" ಎಂದರೆ ಮುಗಿಯಿತು. ಆ ಚಹಾವನ್ನು ಎರಡೂ ಮನೆಯವರು ಕೂಡಿ ಕುಡಿಯಬೇಕು.

ಕಾಕಾ ಹೋದ ಮೇಲೆ ನನಗೂ ನನ್ನ ತಮ್ಮನಿಗೂ ಮಾತು ನಿಂತಿತು. ಅಪ್ಪನ ಕೈಮಗ್ಗ ಕಿತ್ತು ಅವನು ಪವರ್‌ಲೂಮ್ ಹಾಕಿಸಿದ್ದ. ಊರು ಬಿಟ್ಟು ನೌಕರಿ ಹಿಡಿದ ನಾನು ಮಗ್ಗ ಮುಟ್ಟಿದವನಲ್ಲ, ಸಿಟ್ಟು ಮಾತ್ರ ನನಗೇ ಹೆಚ್ಚು. ನಮ್ಮ ನಡುವೆ ಓಡಾಡಲು ಯಾರೂ ಉಳಿದಿರಲಿಲ್ಲ. ಕಾಕಾ ಇರಬೇಕಿತ್ತು ಎಂದು ಎಷ್ಟು ಹಂಬಲಿಸಿದೆನೋ! ನೀವೇ ಹೇಳಿ, ತೀರಿಕೊಂಡವರನ್ನು ರಾಜಿಗೆ ಕರೆಯುವುದು ಹೇಗೆ?

ನಿನ್ನೆ ಡಬ್ಬಿ ಹಿಡಿದು ತಮ್ಮನ ಮನೆಗೇ ಹೋದೆ. ಅವನ ಹೆಂಡತಿ ತಂದಿಟ್ಟ ನೀರು ಮುಟ್ಟದೆ ಕರದಂಟು ಬಾಯಿಗೆ ಹಾಕಿಕೊಂಡೆ. ತಮ್ಮ ಡಬ್ಬಿಯನ್ನು ನೋಡಿದ, ಮುಟ್ಟದ ನೀರನ್ನೂ ನೋಡಿದ. ಆಮೇಲೆ ತಾನೂ ಒಂದು ತುಂಡು ತೆಗೆದುಕೊಂಡು ಎದುರಿಗೆ ಕೂತ. ಅವನೂ ನೀರು ಮುಟ್ಟಲಿಲ್ಲ. ಒಳಗೆ ಪವರ್‌ಲೂಮ್ ಖಟಖಟ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಅದನ್ನು ನಿಲ್ಲಿಸಿ ಬಂದ.

"ಚಹಾ ಮಾಡು ಅಂತ ನೀ ಹೇಳ್ತೀಯೋ ಅಣ್ಣಾ, ನಾ ಹೇಳ್ಲೋ?"

ನನ್ನ ಬಾಯಿ ತುಂಬ ಅಂಟು. ನೀನೇ ಹೇಳು ಎಂದು ಕೈ ಮಾಡಿದೆ.