ಮೇಸ್ತ್ರಿ ಹಾಕಿದ ಮೂಲೆ

ನಮ್ಮ ಮನೆ ಕಟ್ಟಿದ ಮೇಸ್ತ್ರಿಯ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ನಲವತ್ತು ವರ್ಷ ದಾರದ ನೇರ ನೋಡಿ ನೋಡಿ ಹಾಗಾದದ್ದಂತೆ. ನನಗೆ ಮಾತ್ರ ಅದು ಕಳ್ಳನೋಟವಾಗಿಯೇ ಕಂಡಿತು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು ನಾನು. ಉತ್ತರ ಸರಿ ಬಂದರೂ ನಕಲು ಹೊಡೆದಿದ್ದಾನೇನೋ ಎಂದು ನೋಡುವ ಚಾಳಿ.

ಹೊಳನಗದ್ದೆಯ ನಮ್ಮ ಜಾಗದಲ್ಲಿ ಪಾಯಕ್ಕೆ ಗುರುತು ಹಾಕುವ ದಿನ ಅವರು ತಂದದ್ದು ಮೂರು ಗೂಟ, ಗಂಟು ಹಾಕಿದ ಒಂದು ದಾರ, ಅಷ್ಟೇ. ರಸ್ತೆಯ ಗುಂಟ ಮೂರಡಿ, ಒಳಕ್ಕೆ ನಾಲ್ಕಡಿ, ಓರೆಯಾಗಿ ಐದಡಿ. "ಮೂರು, ನಾಕು, ಐದು. ಮೂಲೆ ಬಂತು" ಎಂದರು. ನಾನು ವರ್ಷವರ್ಷ ಬೋರ್ಡಿನ ಮೇಲೆ ಬರೆಯುವ ಪ್ರಮೇಯವೇ ಅದು. ಆದರೆ ಆ ಮೂಲೆಯಿಂದ ಎಳೆದ ಗೆರೆ ಪಕ್ಕದ ಮನೆಯವರ ಬೇಲಿಯಿಂದ ದೂರ ಸರಿಯುತ್ತಾ ಹೋಗಿ, ಹಿಂದುಗಡೆ ನನ್ನ ಎರಡಡಿ ಜಾಗ ಗೋಡೆಯಿಂದ ಹೊರಗೆ ಉಳಿಯಿತು. ಇವತ್ತು ಬಿಟ್ಟ ಜಾಗ ನಾಳೆ ಪಕ್ಕದವರದೇ. ಬೆಳಿಗ್ಗೆಯಷ್ಟೇ ಆ ಮನೆಯಿಂದ ಮೇಸ್ತ್ರಿಗೆ ಚಾ ಬಂದಿತ್ತು, ಕೊಂಕಣಿಯಲ್ಲಿ ಗುಸುಗುಸು ನಡೆದಿತ್ತು.

"ಬೇಲಿ ಗುಂಟವೇ ಗೋಡೆ ತನ್ನಿ" ಎಂದೆ.

"ಬೇಲಿ ಸೊಟ್ಟ ಅಂತ ಮನೆನೂ ಸೊಟ್ಟ ಮಾಡೂದು ಎಂತಕ್ಕೆ ಮಾಸ್ತರೆ?"

ಅವರು ಊಟಕ್ಕೆ ಹೋದದ್ದೇ ತಡ, ನನ್ನ ಟೇಪು ತಂದೆ. ಅವರ ಗೆರೆಗಳ ಮೇಲೆಯೇ ಮೂರು, ನಾಲ್ಕು ಗುರುತಿಸಿ ಓರೆ ಅಳೆದರೆ ಐದಡಿಗೆ ಹತ್ತಿರಹತ್ತಿರ ಅರ್ಧ ಇಂಚು ಕಡಿಮೆ. ಸಿಕ್ಕಿಬಿದ್ದ ಎಂದುಕೊಂಡೆ. ತಿರುಗಿ ಬಂದೊಡನೆ ಆಳುಗಳ ಎದುರಿಗೇ, "ಒಂದು ಲೋಟ ಚಾಕ್ಕೆ ನನ್ನ ಜಾಗ ಬಿಟ್ಟುಕೊಡ್ತೀರಾ? ಇದು ಕಳ್ಳತನ" ಎಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಟೇಪಿನ ತುದಿ ಹಿಡಿದು ನೋಡಿದರು. ಉಪ್ಪುಗಾಳಿಗೆ ತುಕ್ಕು ಹಿಡಿದು ಮೊದಲ ಇಂಚೇ ಉದುರಿಹೋಗಿತ್ತು. ನಾನು ಗುರುತಿಸಿದ ಮೂರಡಿ, ನಾಲ್ಕಡಿ ಎರಡೂ ಒಂದೊಂದು ಇಂಚು ಗಿಡ್ಡವಾಗಿದ್ದವು.

"ಒಂದು ಇಂಚು ಬಿಟ್ಟು ಹಿಡ್ಕಂಡು ಮತ್ತೊಂದ್ಸಲ ಅಳೀರಿ. ನಾ ಬದಿಗೆ ನಿಲ್ತೆ."

ಮೂರು, ನಾಲ್ಕು ಹೊಸದಾಗಿ ಗುರುತಿಸಿ ಓರೆ ಅಳೆದೆ. ಸರಿಯಾಗಿ ಐದಡಿ. "ಆತಲ್ಲ" ಎಂದು ಕೆಲಸಕ್ಕೆ ಇಳಿದರು. ತಪ್ಪಾಯಿತು ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಆಮೇಲೂ ದಿನಾ ಸಿಮೆಂಟು, ಮರಳು ಮುಟ್ಟಿ ನೋಡುತ್ತಲೇ ಇದ್ದೆ.

ಹೋದ ವರ್ಷ ಅವರು ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಅವರ ಊರಾದ ಬಾಡಕ್ಕೆ ಹೋದಾಗ ಅವರ ಹೆಂಡತಿ ನನ್ನ ಗುರುತು ಹಿಡಿದರು.

"ನಿಮ್ಮ ಸುದ್ದಿ ಯಾವಾಗ್ಲೂ ಹೇಳ್ತಿದ್ರು. ಇಷ್ಟು ಮನೆ ಕಟ್ಟಿದೆ, ನಾ ಹಾಕಿದ ಮೂಲೆ ಕೂತು ಅಳೆದು ನೋಡಿದವ್ರು ಆ ಮಾಸ್ತರೊಬ್ರೇ, ಕೆಲಸದ ಬೆಲೆ ಗೊತ್ತಿದ್ದವ್ರು ಅಂತಿದ್ರು."

ನಾನು ಕಳ್ಳತನ ಎಂದದ್ದನ್ನು ಅವರು ಮನೆಯಲ್ಲಿ ಹೇಳಿರಲೇ ಇಲ್ಲ. "ಹೌದಮ್ಮ" ಎಂದೆ.